ಎಷ್ಟು ಮದ್ದು ಸಾಕು?

ಮಗುವಿಗೆ ಕ್ಯಾನ್ಸರ್ ಎಂದ ಕೂಡಲೇ ಹೆತ್ತವರು ಕೇಳುವುದು ‘ಯಾವ ಸ್ಟೇಜು?’ ಎಂದು. ನಾಲ್ಕು ಎಂದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಮಕ್ಕಳ ಜರ್ಮ್ ಸೆಲ್ ಗೆಡ್ಡೆಗಳ ಮಟ್ಟಿಗೆ ಈ ಲೆಕ್ಕ ಅಷ್ಟು ಸರಿಯಲ್ಲ.

ಮುಂದೆ ಅಂಡಾಣು, ವೀರ್ಯಾಣುಗಳಾಗಬೇಕಿದ್ದ ಜೀವಕೋಶಗಳಿಂದ ಹುಟ್ಟುವ ಈ ಗೆಡ್ಡೆ ಅಂಡಾಶಯ, ವೃಷಣಗಳಲ್ಲಷ್ಟೇ ಅಲ್ಲ, ಬೆನ್ನುಮೂಳೆಯ ತುದಿಯಲ್ಲೂ ಎದೆಗೂಡಿನಲ್ಲೂ ಕಾಣಿಸಿಕೊಳ್ಳುತ್ತದೆ. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನಷ್ಟೇ ಹಂತ ಹೇಳುತ್ತದೆ. ಅಪಾಯ ಅಳೆಯಲು ಗೆಡ್ಡೆ ಹುಟ್ಟಿದ ಜಾಗವನ್ನೂ ಮಗುವಿನ ವಯಸ್ಸನ್ನೂ ಸೇರಿಸಬೇಕು. ಅಮೆರಿಕ, ಬ್ರಿಟನ್‌ಗಳ ಹಳೆಯ ಟ್ರಯಲ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 11 ವರ್ಷ ಎಂಬುದು ದೊಡ್ಡ ಗೆರೆಯಾಗಿ ಕಂಡಿತು. ಪುಟ್ಟ ಹುಡುಗನ ವೃಷಣದ ಗೆಡ್ಡೆ 4ನೇ ಹಂತದಲ್ಲಿದ್ದರೂ ಭರವಸೆ ಹೆಚ್ಚು; ಹದಿಹರೆಯದವನ ಎದೆಯ ಗೆಡ್ಡೆ 3ನೇ ಹಂತದಲ್ಲಿದ್ದರೂ ಚಿಂತೆ ಹೆಚ್ಚು.

ಇಷ್ಟು ಅಳೆದು ಸುರಿದು ನೋಡುವುದೇಕೆ? ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದು ಬಂದ ಮೇಲೆ ಬಹುಪಾಲು ಮಕ್ಕಳು ಉಳಿಯುತ್ತಿದ್ದಾರೆ, ನಿಜ. ಆದರೆ ಆ ಮದ್ದು ಕಿವಿಯನ್ನು ಕೆಡಿಸಬಲ್ಲದು, ಅದೂ ಇನ್ನೂ ಮಾತು ಕಲಿಯುತ್ತಿರುವ ಮಗುವಿನ ಕಿವಿಯನ್ನು. ಹಾಗಾಗಿ ವೃಷಣದ 1ನೇ ಹಂತದ ಗೆಡ್ಡೆಯನ್ನು ಪೂರ್ತಿ ತೆಗೆದ ಮೇಲೆ ಕೀಮೋ ಕೊಡದೆ ಕಾಯುತ್ತಾರೆ. ಗೆಡ್ಡೆಯ ಸುಳಿವು ಕೊಡುವ ಎಎಫ್‌ಪಿ ಎಂಬ ಪ್ರೋಟೀನು ರಕ್ತದಲ್ಲಿ ಸುಮಾರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಬರಬೇಕು. ಇಳಿಯದೆ ನಿಂತರೆ, ಮತ್ತೆ ಏರಿದರೆ ಆಗ ಕೀಮೋ. ತಡವಾಗಿ ಶುರುಮಾಡಿದರೂ ಹೆಚ್ಚಿನವರು ಗುಣವಾಗುತ್ತಾರೆ. (ನವಜಾತ ಶಿಶುಗಳಲ್ಲಿ ಎಎಫ್‌ಪಿ ಸಹಜವಾಗಿಯೇ ಬಹಳ ಹೆಚ್ಚಿರುತ್ತದೆ, ಅದನ್ನು ದೊಡ್ಡವರ ಅಳತೆಯಲ್ಲಿ ನೋಡಿ ಗಾಬರಿಯಾಗಬಾರದು.)

ಆದರೆ 1ನೇ ಹಂತ ಎಂದು ನಂಬುವುದು ಹೇಗೆ? ಅದು ಬಹುಮಟ್ಟಿಗೆ ನಿರ್ಧಾರವಾಗುವುದು ಮೊದಲ ಆಪರೇಷನ್ನಿನಲ್ಲೇ. ವೃಷಣದ ಗೆಡ್ಡೆಯನ್ನು ತೊಡೆಸಂದಿನ ಮೂಲಕ ತೆಗೆಯದೆ ವೃಷಣಚೀಲವನ್ನೇ ಕೊಯ್ದರೆ, ಅಂಡಾಶಯದ ಗೆಡ್ಡೆ ತೆಗೆಯುವಾಗ ಹೊಟ್ಟೆಯ ದ್ರವವನ್ನು ಪರೀಕ್ಷೆಗೆ ಕಳಿಸದಿದ್ದರೆ, ಹಂತದ ಮೇಲಿನ ಭರವಸೆಯೇ ಹೋಗುತ್ತದೆ. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿಸಿದರೂ ಆ ಲೋಪ ಪೂರ್ತಿ ತುಂಬುವುದಿಲ್ಲ. ಅದಕ್ಕೆ ದಂಡ ತೆರುವುದು ಮಗು, ಬೇಡದ ಕೀಮೋ ರೂಪದಲ್ಲಿ.

‘ಯಾಕೆ ಬೇಕು ರಿಸ್ಕು, ಎರಡು ಸೈಕಲ್ ಕೀಮೋ ಕೊಟ್ಟುಬಿಡೋಣ’ ಎನ್ನುವವರಿದ್ದಾರೆ. ಬೀದರಿನಿಂದ ಬೆಂಗಳೂರಿಗೆ ಮತ್ತೆ ಮತ್ತೆ ಬರಲಾಗದ ಕೂಲಿಯವರನ್ನು ಕಂಡವರು ಹಾಗೆಂದರೆ ತಳ್ಳಿಹಾಕಲಾರೆ. ತಪಾಸಣೆ ತಪ್ಪಿದರೆ ಕಾಯುವುದು ಚಿಕಿತ್ಸೆಯಲ್ಲ, ಕೈಬಿಟ್ಟಂತೆ. ಆದರೂ ಅದಕ್ಕೆ ಪರಿಹಾರ ಜಿಲ್ಲಾಸ್ಪತ್ರೆಯಲ್ಲೇ ರಕ್ತಪರೀಕ್ಷೆ, ಬಸ್ ಚಾರ್ಜು, ಮಗುವಿಗೆ ವಿಷಮದ್ದಲ್ಲ.

ನಿಮ್ಮವರ ಮಗುವಿಗೆ ಇಂಥ ಗೆಡ್ಡೆಯ ಅನುಮಾನವಿದ್ದರೆ, ಆಪರೇಷನ್ನಿಗೆ ಮುಂಚೆಯೇ ಎಎಫ್‌ಪಿ ಮತ್ತು ಅದರಂತೆಯೇ ಗೆಡ್ಡೆಯ ಸುಳಿವು ಕೊಡುವ ಎಚ್‌ಸಿಜಿ ರಕ್ತಪರೀಕ್ಷೆಗಳಾಗಿವೆಯೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ.