ಆಸಿಲೋಸ್ಕೋಪು: ಹಳೆಯದೋ, ಹೊಸದೋ?

ಮೊಳಕಾಲ್ಮೂರಿನಲ್ಲಿರುವ ನಮ್ಮ ಸೋದರಳಿಯನು ಕಳೆದ ತಿಂಗಳು ಚಳ್ಳಕೆರೆಗೆ ಬಂದಿದ್ದಾಗ ನಮ್ಮ ಮುಂದೆ ಒಂದು ಧರ್ಮಸಂಕಟವನ್ನು ತಂದಿಟ್ಟನು. ಪಾಲಿಟೆಕ್ನಿಕ್ಕಿನಲ್ಲಿ ಓದುವ ಈ ಹುಡುಗನು, ತಂದೆಯ ಶೇಂಗಾದ ಹೊಲದಲ್ಲಿರುವ ಕೊಳವೆ ಬಾವಿಯ ಮೋಟಾರನ್ನು ಮನೆಯಿಂದಲೇ ಫೋನಿನ ಮೂಲಕ ನಡೆಸುವುದಕ್ಕಾಗಿ ಒಂದು ಸಣ್ಣ ಯಂತ್ರವನ್ನು ತಾನೇ ಕಟ್ಟಿರುವನು. ಅದು ಮೇಜಿನ ಮೇಲೆ ಸರಿಯಾಗಿಯೇ ನಡೆಯುವುದು. ಹೊಲದಲ್ಲಿ ಮೋಟಾರು ಹೊರಟ ಗಳಿಗೆಯಲ್ಲಿ ಮಾತ್ರ ಮೂರ್ಛೆ ಹೋಗಿ ಮತ್ತೆ ಮೊದಲಿನಿಂದ ಆರಂಭಿಸುವುದು. ಹೀಗಾಗಿ ವಿದ್ಯುತ್ತು ಬಂದ ಹೊತ್ತಿನಲ್ಲಿ, ಅದು ನಡುರಾತ್ರಿಯಾದರೂ, ತಂದೆಯು ಹೊಲಕ್ಕೆ ನಡೆಯುವುದು ತಪ್ಪಿಲ್ಲ. ಕಾರಣವನ್ನು ಕಣ್ಣಾರೆ ಕಾಣಬೇಕಾದರೆ ಆಸಿಲೋಸ್ಕೋಪು ಬೇಕು. ಕೈಯಲ್ಲಿರುವುದು ರಜದಲ್ಲಿ ದುಡಿದ ಹಣ.

“ಮಾವ, ಬೆಂಗಳೂರಿನಲ್ಲಿ ಹಳೆಯ ಅನಲಾಗ್ ಒಂದು ಅಗ್ಗಕ್ಕೆ ಸಿಕ್ಕುತ್ತದೆ. ಹೊಸ ಡಿಜಿಟಲ್ ಆದರೆ ಇರುವ ಹಣವೆಲ್ಲ ಹೋಗುತ್ತದೆ. ಯಾವುದು ತೆಗೆದುಕೊಳ್ಳಲಿ?” ಎಂದು ಕೇಳಿದನು.

ಸಂಸ್ಕೃತದ ಮೇಷ್ಟರಿಗೇಕೆ ಈ ಉಸಾಬರಿ ಎಂದು ವಾಚಕರು ನಗಬಹುದು. ರೇಡಿಯೋ ಬಿಚ್ಚುವ ಚಪಲವು ನಮಗೆ ಶಬ್ದರೂಪಾವಳಿಯಷ್ಟೇ ಹಳೆಯದು.

ಉರಿಯುವ ಕೊಳ್ಳಿಯನ್ನು ಕತ್ತಲೆಯಲ್ಲಿ ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುವುದಷ್ಟೆ. ಶಾಸ್ತ್ರಕಾರರು ಇದನ್ನು ಅಲಾತಚಕ್ರವೆನ್ನುವರು. ಗೌಡಪಾದರ ಕಾರಿಕೆಗಳ ನಾಲ್ಕನೆಯ ಪ್ರಕರಣಕ್ಕೆ ಹೆಸರು ಬಂದಿರುವುದೇ ಇದರಿಂದ. ಹಳೆಯ ಆಸಿಲೋಸ್ಕೋಪು ಕೂಡ ಒಂದು ಅಲಾತಚಕ್ರವೇ ಸರಿ. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿದ್ವಾಂಸನು ರಚಿಸಿದ ಗಾಜಿನ ನಾಳದಲ್ಲಿ ಇಲೆಕ್ಟ್ರಾನುಗಳ ಕಿರಣವೊಂದು ಹಾಯ್ದು ತೆರೆಯ ಮೇಲೆ ಬೆಳಕಿನ ಚುಕ್ಕೆಯಾಗುವುದು. ಚುಕ್ಕೆಯು ಕಾಲಕ್ಕೆ ಸರಿಯಾಗಿ ಎಡದಿಂದ ಬಲಕ್ಕೆ ಓಡುತ್ತ, ವೋಲ್ಟೇಜಿನಂತೆ ಮೇಲೆ ಕೆಳಗೆ ಆಡುತ್ತ ತರಂಗವನ್ನು ಬರೆಯುವುದು. ನಡುವೆ ಲೆಕ್ಕವಿಲ್ಲ, ಗುಮಾಸ್ತನಿಲ್ಲ. ಗುಂಡಿಯನ್ನು ತಿರುಗಿಸಿದ ಕ್ಷಣವೇ ಗೆರೆಯು ಮಿಸುಕುವುದು. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಗುರು ಅಪರೂಪ. ಆದರೆ ಕೊಳ್ಳಿಯು ನಿಂತರೆ ಬಳೆಯೂ ಇಲ್ಲ. ತರಂಗವು ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಚಿತ್ರವು ನಿಲ್ಲುವುದು.

ಡಿಜಿಟಲ್ ಯಂತ್ರವಾದರೋ ಕ್ಷಣಕ್ಷಣಕ್ಕೂ ವೋಲ್ಟೇಜನ್ನು ಅಳೆದು ಅಂಕೆಯಾಗಿ ಬರೆದಿಟ್ಟುಕೊಳ್ಳುವುದು. ಸಾಮಾನ್ಯವಾದವುಗಳಲ್ಲಿ ಎತ್ತರವನ್ನು 256 ಮೆಟ್ಟಿಲುಗಳಾಗಿ ಎಣಿಸುವರು. ಒಂದೇ ಸಲ ಬಂದು ಹೋದುದನ್ನೂ ಇದು ಹಿಡಿದಿಡುವುದು. ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಮಾತನ್ನು ಚಪಡನೆಂಬ ಲಿಪಿಕಾರನು ಬರೆಯದೆ ಹೋಗಿದ್ದರೆ 1892ರಲ್ಲಿ ರೈಸ್ ಸಾಹೇಬರಿಗೆ ಅಲ್ಲಿ ಏನು ಸಿಕ್ಕುತ್ತಿತ್ತು? ಹುಡುಗನು ಆ ಬೆಟ್ಟದ ಆಸುಪಾಸಿನವನಾದುದರಿಂದ ಈ ಮಾತು ಅವನಿಗೆ ಥಟ್ಟನೆ ಹಿಡಿಸಿತು.

ಆದರೆ ಲಿಪಿಕಾರನು ಅಕ್ಷರ ಬಿಟ್ಟರೆ ಅರ್ಥವು ಕೆಡುವುದು. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ ನೂರು ಕೋಟಿ ಅಳತೆ ಎಂದು ಅಚ್ಚು ಹಾಕಿದ್ದರೂ ಸ್ಮೃತಿಯಲ್ಲಿ ಹತ್ತು ಸಾವಿರ ಅಂಕೆಗಳಿಗೆ ಮಾತ್ರ ಎಡೆಯಿದ್ದರೆ, ಒಂದು ಸೆಕೆಂಡಿನ ಸಂಗತಿಯನ್ನು ಹಿಡಿಯುವಾಗ ಅದು ಸೆಕೆಂಡಿಗೆ ಹತ್ತು ಸಾವಿರ ಸಲವೇ ಅಳೆಯಬಲ್ಲುದು. ಆಗ ಸೆಕೆಂಡಿಗೆ 9900 ಸಲ ಆಂದೋಲಿಸುವ ತರಂಗವು ನೂರೇ ಸಲ ಆಂದೋಲಿಸುವಂತೆ ಕಾಣಬಹುದು. ಸಿನಿಮಾದಲ್ಲಿ ರಥದ ಚಕ್ರವು ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೆ? ಅದೇ ಭ್ರಾಂತಿ. ಆದುದರಿಂದ ಕೊಳ್ಳುವಾತನು ಅಂಗಡಿಯವನನ್ನು ವೇಗದ ಜೊತೆಗೆ ಸ್ಮೃತಿಯ ಪ್ರಮಾಣವನ್ನೂ ಕೇಳತಕ್ಕದ್ದು. ಇನ್ನು 20 ಮೆಗಾಹರ್ಟ್ಸ್ ಎಂದು ಬರೆದಿದ್ದರೆ, ಅಷ್ಟು ವೇಗದ ತರಂಗದ ಎತ್ತರವು ನೂರಕ್ಕೆ ಎಪ್ಪತ್ತರಷ್ಟೇ ಕಾಣುವುದೆಂದು ತಿಳಿಯಬೇಕು. ಇದು ಹಳೆಯದಕ್ಕೂ ಹೊಸದಕ್ಕೂ ಒಂದೇ.

ಹಳೆಯದನ್ನು ಕೊಂಡು ಪಟ್ಟ ಪಾಡು ನಮಗೇ ಉಂಟು. ಹತ್ತು ಹನ್ನೆರಡು ವರ್ಷಗಳ ಹಿಂದೆ ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಅಂಥದೊಂದನ್ನು ಕೊಂಡು, ಚಳ್ಳಕೆರೆಯವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ಮೂರು ತಿಂಗಳು ಸೊಗಸಾಗಿ ನಡೆಯಿತು. ಬಳಿಕ ಗೆರೆಯು ಮಸುಕಾಗುತ್ತ ಬಂದು ಒಂದು ಸಂಜೆ ಆರಿಯೇ ಹೋಯಿತು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಬಂದ ಮೇಲೆ ನಮ್ಮ ಊರಿಗೆ ವಿಜ್ಞಾನನಗರಿಯೆಂಬ ಬಿರುದೇನೋ ಬಂದಿದೆ. ಸತ್ತ ನಾಳಕ್ಕೆ ಬದಲಿ ನಾಳವನ್ನು ಕೊಡುವ ಅಂಗಡಿ ಮಾತ್ರ ನಮ್ಮ ಪೇಟೆಯಲ್ಲಿ ಸಿಕ್ಕಲಿಲ್ಲ. ನಾವೇ ಬಿಚ್ಚೋಣವೆಂದರೆ ಒಳಗೆ ಸಾವಿರಾರು ವೋಲ್ಟು. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಅಡಗಿರುವುದುಂಟು.

ಹುಡುಗನು ಹುಡುಕುತ್ತಿದ್ದುದು ಮೋಟಾರು ಹೊರಡುವಾಗ ಒಂದೇ ಒಂದು ಸಲ ಬರುವ ಪೀಡೆ. ನೇರವಾಗಿ ಹೊರಡಿಸಿದ ಮೋಟಾರು ಆ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ವಿದ್ಯುತ್ ಪ್ರವಾಹವನ್ನು ಎಳೆಯುವುದು. ಹಳೆಯ ಪೆಟ್ಟಿಗೆಯಲ್ಲಿ ಅದು ಮಿಂಚಿ ಮಾಯವಾಗುವುದು. ಆದುದರಿಂದ ಹೊಸದನ್ನೇ, ಗ್ಯಾರಂಟಿಯುಳ್ಳದ್ದನ್ನೇ ಕೊಳ್ಳೆಂದೆವು. ಹಣವೆಲ್ಲ ಮುಗಿಯಿತೆಂದು ನಮ್ಮ ತಂಗಿಯು ಫೋನಿನಲ್ಲಿ ನಮ್ಮನ್ನೇ ಗದರಿಸಿದಳು.

ಒಂದು ವಿಷಯದಲ್ಲಿ ಮಾತ್ರ ಅವನಿಂದ ಭಾಷೆ ತೆಗೆದುಕೊಂಡೆವು. ಮನೆಯ ಪ್ಲಗ್ಗಿನಿಂದ ನಡೆಯುವ ಆಸಿಲೋಸ್ಕೋಪಿನ ತಂತಿಗಿರುವ ಕಚ್ಚುಕ್ಲಿಪ್ಪು ನೆಲದ ತಂತಿಗೆ, ಎಂದರೆ ಅರ್ಥಿಗೆ, ಕೂಡಿಕೊಂಡಿರುವುದು. ಅದನ್ನು ಲೈನಿನ ತಂತಿಗೆ ಕಚ್ಚಿಸಿದರೆ ಕಿಡಿ, ಬೆಂಕಿ, ಅನಾಹುತ. ಇದರಿಂದ ಪಾರಾಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಜಾಣರೂ ಉಂಟು. ಆಗ ಪೆಟ್ಟಿಗೆಯ ಲೋಹಕ್ಕೆಲ್ಲ ವಿದ್ಯುತ್ತೇರಿ ಮುಟ್ಟಿದವನ ಪ್ರಾಣಕ್ಕೇ ಬರುವುದು. ಸ್ಟಾರ್ಟರಿನ ತಂತಿಗಳ ಗೊಡವೆಗೆ ಹೋಗದೆ, ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಟ್ಟ 5 ವೋಲ್ಟಿನ ಕಡೆಯನ್ನಷ್ಟೇ ನೋಡುವುದಾಗಿ ಒಪ್ಪಿಕೊಂಡನು.

ಹೋದ ಭಾನುವಾರ ಅವನು ತೆರೆಯ ಚಿತ್ರವನ್ನು ಕಳುಹಿಸಿದನು. ಮೋಟಾರು ಹೊರಟಾಗ 5 ವೋಲ್ಟಿನ ಗೆರೆಯು ಮೂರಕ್ಕಿಂತಲೂ ಕೆಳಗೆ ಕುಸಿದು, ರೆಪ್ಪೆ ಬಡಿಯುವುದರೊಳಗೆ ಮೇಲೇರಿದೆ. ದೊಡ್ಡ ಕೆಪಾಸಿಟರೊಂದನ್ನು ಸೇರಿಸಿದ ಮೇಲಿನ ಎರಡನೆಯ ಚಿತ್ರದಲ್ಲಿ ಹಳ್ಳವು ಮುಚ್ಚಿಹೋಗಿದೆ. ಈ ವಾರ ಅವನ ತಂದೆಯು ಎರಡು ರಾತ್ರಿ ಮನೆಯಲ್ಲೇ ಮಲಗಿದನಂತೆ. ನಮ್ಮ ಅಟ್ಟದ ಮೇಲಿನ ಸತ್ತ ಪೆಟ್ಟಿಗೆಯ ಬಿಡಿಭಾಗಗಳು ಬೇಕೆಂದು ಹುಡುಗನು ಬರೆದಿದ್ದಾನೆ. ಬಸ್ಸಿನಲ್ಲಿ ಈ ಸಲ ಅದು ಅವನ ತೊಡೆಯ ಮೇಲೆ ಕೂತು ಹೋಗಲಿ.