ವಿಮಾನ ಇಳಿದರೆ ಸಾಲದು, ಬಸ್ಸೂ ಹೊರಡಬೇಕು

ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಸುಮಾರು 450 ಕೋಟಿ ರೂಪಾಯಿ ಖರ್ಚು, 3.2 ಕಿಲೋಮೀಟರ್ ರನ್‌ವೇ, ಕಮಲದ ಆಕಾರದ ಟರ್ಮಿನಲ್. ಮಲೆನಾಡಿನ ಪ್ರವಾಸೋದ್ಯಮಕ್ಕೆ ರೆಕ್ಕೆ ಬಂತು ಅಂದರು. ರೆಕ್ಕೆ ಬಂದಿರಬಹುದು. ಕಾಲು ಎಲ್ಲಿದೆ ಅನ್ನೋದು ನಮ್ಮ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ಸಕ್ರೆಬೈಲು ಆನೆ ಬಿಡಾರ, ತ್ಯಾವರೆಕೊಪ್ಪದ ಸಿಂಹಧಾಮ ಶಿವಮೊಗ್ಗಕ್ಕೆ ಹತ್ತಿರ, ಸರಿ. ಆದರೆ ಜೋಗ ಸುಮಾರು ನೂರು ಕಿಲೋಮೀಟರ್. ಇಕ್ಕೇರಿ, ಕೆಳದಿ ನೋಡಲು ಸಾಗರ ದಾಟಬೇಕು. ನಿಲ್ದಾಣಕ್ಕೆ ಕುವೆಂಪು ಹೆಸರಿಟ್ಟೆವು, ಅವರ ಕವಿಮನೆ ಇರುವ ಕುಪ್ಪಳಿ ಇರುವುದು ತೀರ್ಥಹಳ್ಳಿಯ ಆಚೆ. ಆಕಾಶದಲ್ಲಿ ಉಳಿಸಿದ ಹೊತ್ತು ನೆಲದ ಮೇಲೆ ಕರಗಿಹೋಗುತ್ತದೆ.

ಟ್ಯಾಕ್ಸಿ ಇದೆಯಲ್ಲ ಎನ್ನುತ್ತೀರಾ? ಇದೆ. ಟ್ಯಾಕ್ಸಿ ಹತ್ತಿದವರು ರೆಸಾರ್ಟಿಗೆ ಹೋಗುತ್ತಾರೆ, ಜೋಗದಲ್ಲಿ ಸೆಲ್ಫಿ ತೆಗೆಯುತ್ತಾರೆ, ವಾಪಸ್ ವಿಮಾನ ಹತ್ತುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಗಾದೆ ಇಲ್ಲಿ ನಡೆಯೋದಿಲ್ಲ. ದಾರಿಬದಿಯ ಹೋಟೆಲಿನವರಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಮಹಿಳಾ ಸಂಘಕ್ಕೆ ಸಿಗೋದು ಕಾರಿನ ಧೂಳು. ಬಸ್ಸಿನಲ್ಲಿ ಬಂದವರು ಹಾಗಲ್ಲ. ಅವರು ಸಾಗರದಲ್ಲಿ ಇಳಿಯುತ್ತಾರೆ, ಊಟ ಮಾಡುತ್ತಾರೆ, ಆಟೋ ಕೇಳುತ್ತಾರೆ, ರಾತ್ರಿ ಉಳಿಯುತ್ತಾರೆ. ಹೆಗ್ಗೋಡಿನ ನೀನಾಸಂ ನಾಟಕಕ್ಕೆ ದೂರದೂರದಿಂದ ಜನ ಬಂದಿದ್ದು ವಿಮಾನ ಹತ್ತಿಯಲ್ಲ. 1949ರಲ್ಲಿ ಶುರುವಾದ ಆ ಸಂಸ್ಥೆ ಬಸ್ಸು, ರೈಲಿನಲ್ಲಿ ಬಂದವರನ್ನೇ ನಂಬಿ ಬೆಳೆಯಿತು.

ನಾವು ವಿಮಾನ ಬೇಡ ಅನ್ನುತ್ತಿಲ್ಲ. ಕಾಯಿಲೆಯವರಿಗೆ, ವ್ಯಾಪಾರದವರಿಗೆ ಅದು ಬೇಕು. ಆದರೆ ಪ್ರವಾಸೋದ್ಯಮದ ಹೆಸರಲ್ಲಿ ದುಡ್ಡು ಸುರಿದ ಮೇಲೆ ಆ ಹೆಸರಿನ ಲೆಕ್ಕ ಕೇಳುವ ಹಕ್ಕು ನಮಗಿದೆ. ಸೋಗಾನೆ ಸುತ್ತಿನ ರೈತರು ಉಳುತ್ತಿದ್ದ ನೆಲದ ಮೇಲೆ ಆ ರನ್‌ವೇ ಇದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಊರು ಕಳೆದುಕೊಂಡ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಈಗಲೂ ಅಲೆಯುತ್ತಿವೆ. ಆ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದಿದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ ಲಾಂಚ್ ಕಾದ ಜನ ಅವರು. ನೋಡಲು ಬರುವವರಿಗೆ ಆತುರ, ಇರುವವರಿಗೆ ಮಾತ್ರ ತಾಳ್ಮೆ ಎಂಬ ನ್ಯಾಯ ಇನ್ನು ಸಾಕು.

ನಾವು ಕೇಳೋದು ದೊಡ್ಡದೇನಲ್ಲ. ವಿಮಾನದ ಹೊತ್ತಿಗೆ ಸರಿಯಾಗಿ ಸಾಗರಕ್ಕೂ ತೀರ್ಥಹಳ್ಳಿಗೂ ಸರ್ಕಾರಿ ಬಸ್ಸು. ತಾಳಗುಪ್ಪ ರೈಲು ಇಳಿದವರಿಗೆ ಜೋಗದ ಬಸ್ಸು. ಪ್ರತಿ ತಾಣದಲ್ಲಿ ನೀರು ಬರುವ ಶೌಚಾಲಯ. ಟರ್ಮಿನಲ್ ಒಳಗೆ ಊರಿನ ಸಂಘಗಳಿಗೆ ಒಂದು ಮಳಿಗೆ. ಹೋಂಸ್ಟೇ ಅನುಮತಿಗೆ ಊರಿನವರು ಕಚೇರಿ ಅಲೆಯದಂತೆ ಒಂದೇ ಕಿಟಕಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಠರಾವು ಬರೆಸಿ, ಪ್ರತಿ ಇಟ್ಟುಕೊಳ್ಳಿ. ರನ್‌ವೇ ಉದ್ದ ಎಷ್ಟು ಅಂತ ಹೇಳುವವರು ಸಿಕ್ಕಾಗ, ನಮ್ಮೂರಿಗೆ ದಿನಕ್ಕೆ ಎಷ್ಟು ಬಸ್ಸು ಅಂತ ಕೇಳಿ.