ಸಿಂಹಾವಲೋಕನ: ಕೆಳಗಿನ ಕೋರ್ಟಿನ ದೊಡ್ಡ ಕೆಲಸ

1952ರ ಜನವರಿ. ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಅಜ್ಜಂಪುರದ ಒಂದನೇ ಮತಗಟ್ಟೆಯಲ್ಲಿ ಮತದಾನ 25 ನಿಮಿಷ ತಡವಾಗಿ ಶುರುವಾಯಿತು. ಎಣಿಕೆ ಮುಗಿದಾಗ ತರೀಕೆರೆ ಕ್ಷೇತ್ರದಲ್ಲಿ ಟಿ. ನಾಗಪ್ಪನವರು ಟಿ.ಸಿ. ಬಸಪ್ಪನವರಿಗಿಂತ 34 ಮತ ಮುಂದಿದ್ದರು. ಬಸಪ್ಪನವರು ತಕರಾರು ಅರ್ಜಿ ಹಾಕಿದರು. ಎತ್ತಿದ ಆಕ್ಷೇಪಗಳಲ್ಲಿ ಆ 25 ನಿಮಿಷವೂ ಒಂದು. ಚುನಾವಣಾ ನ್ಯಾಯಮಂಡಳಿ ಆಯ್ಕೆಯನ್ನು ಅಸಿಂಧುಗೊಳಿಸಿತು. ಮೈಸೂರು ಹೈಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. 1954ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನೇ ತಳ್ಳಿಹಾಕಿತು. ರಿಟ್ ಅಧಿಕಾರ ಚಲಾಯಿಸುವ ಮೇಲಿನ ನ್ಯಾಯಾಲಯ ಮೇಲ್ಮನವಿ ಕೇಳಿದ ಹಾಗೆ ಸಾಕ್ಷ್ಯವನ್ನು ಮತ್ತೆ ತೂಗಲು ಕೂರಬಾರದು ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಬರೆದರು. ಕಾನೂನು ಓದುವ ಮಕ್ಕಳು ಇಂದಿಗೂ ಬಸಪ್ಪ–ನಾಗಪ್ಪ ಪ್ರಕರಣ ಓದುತ್ತಾರೆ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವಕೀಲಿ ವೃತ್ತಿಯನ್ನು ಹಿಂದಿರುಗಿ ನೋಡುವಾಗ ನಮಗೆ ಈ ಪ್ರಕರಣವೇ ಮೊದಲು ನೆನಪಾಗುತ್ತದೆ. ಸಂಗತಿ ಏನು ನಡೆಯಿತು ಎಂಬುದು ಮೊದಲ ವಿಚಾರಣೆಯಲ್ಲೇ ದಾಖಲಾಗಬೇಕು. ಅಲ್ಲಿ ಬರೆಸದೆ ಬಿಟ್ಟ ಮಾತನ್ನು ಮೇಲೆ ಹೋಗಿ ಸೇರಿಸುವುದು ಬಹಳ ಕಷ್ಟ. ತಾಲ್ಲೂಕು ಕೋರ್ಟಿನ ವಕೀಲರ ಹೊಣೆ ಎಷ್ಟು ದೊಡ್ಡದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಆ ಹೊಣೆ ಹೇಗಿರುತ್ತದೆಂದು ನಾವೊಮ್ಮೆ ಹತ್ತಿರದಿಂದ ಕಂಡಿದ್ದೇವೆ. ಕೋರ್ಟಿನ ಜಗಲಿ, ಬೆಳಗಿನ ಹತ್ತು ಗಂಟೆ. ತವರಿನ ತೋಟದಲ್ಲಿ ಪಾಲು ಕೇಳಿ ದಾವೆ ಹೂಡಿದ ಅಜ್ಜಿಗೆ ಅಂದು ಪಾಟೀಸವಾಲು. ಕೈ ನಡುಗುತ್ತಿತ್ತು. ಹಿರಿಯ ವಕೀಲರು ಕಡತ ಮುಚ್ಚಿ ಅಜ್ಜಿಯ ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತರು. ‘ಗೊತ್ತಿದ್ದಷ್ಟೇ ಹೇಳವ್ವ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಅದೂ ಉತ್ತರಾನೇ’ ಎಂದರು. ಒಳಗೆ ಎದುರು ವಕೀಲರು ಸರ್ವೆ ನಂಬರು ಕೇಳಿದರು. ‘ನಂಬರು ಗೊತ್ತಿಲ್ಲ ಸ್ವಾಮಿ. ಮೂಡ್ಲಿಗೆ ಹಳ್ಳ, ಪಡುವ್ಲಿಗೆ ದಾಯಾದಿಗಳ ತೋಟ, ಬಾವಿ ಪಕ್ಕದ ಹಲಸಿನ ಗಿಡ ನೆಟ್ಟೋಳು ನಾನು’ ಎಂದಳು ಅಜ್ಜಿ. ಸರ್ವೆ ನಂಬರು ಬರದಾಕೆ ಚಕ್ಕುಬಂದಿಯನ್ನೇ ಬಾಯಲ್ಲಿ ಹೇಳಿದ್ದಳು. ಆ ಮಾತು ಹಾಗೆಯೇ ದಾಖಲಾಯಿತು. ಆಕೆಯ ಭಯ ಬಿಡಿಸಿದ್ದಷ್ಟೇ ಅಂದು ವಕೀಲರು ಮಾಡಿದ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಆ ದಿನ ಬೇರೆ ಇರಲಿಲ್ಲ.

ಇಂಥ ದಾವೆಗಳ ಹಿಂದೆ ಕಾನೂನಿನ ದೀರ್ಘ ನಡಿಗೆಯಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಆದರೆ ಕಾಯ್ದೆ ತಾನಾಗಿ ಯಾರ ಮನೆಗೂ ನಡೆದು ಬರುವುದಿಲ್ಲ. ಅಣ್ಣತಮ್ಮಂದಿರ ಮುನಿಸಿಗೆ ಅಂಜಿದ ಹೆಣ್ಣುಮಗಳಿಗೆ ಆ ಹಕ್ಕನ್ನು ತಿಳಿಸಿ ಹೇಳಿದವರು, ಎಷ್ಟೋ ಸಲ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದವರು ಈ ಊರುಗಳ ವಕೀಲರೇ.

ಭೂಸುಧಾರಣೆಯ ಕಾಲವೂ ನೆನಪಾಗುತ್ತದೆ. 1974ರ ತಿದ್ದುಪಡಿಯ ನಂತರ ಗೇಣಿದಾರರು ಫಾರಂ 7 ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅಲ್ಲಿ ವಾದಿಸಲು ವಕೀಲರಿಗೆ ಅವಕಾಶವಿರಲಿಲ್ಲ. ಆ ನಿರ್ಬಂಧ ಸಿಂಧುವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1987ರಲ್ಲಿ. ಓದುಬರಹ ಬಾರದ ರೈತ ತನ್ನ ಉಳುಮೆಯನ್ನು ತಾನೊಬ್ಬನೇ ರುಜುವಾತು ಮಾಡಬೇಕಾದ ಆ ವರ್ಷಗಳು, ಜೊತೆಗೆ ನಿಲ್ಲುವ ವಕೀಲ ಏಕೆ ಬೇಕೆಂಬುದನ್ನು ಚೆನ್ನಾಗಿಯೇ ಕಲಿಸಿವೆ.

ಫೀಸು ಕೊಡಲಾಗದವರಿಗೂ ಈಗ ದಾರಿಯಿದೆ. 1995ರ ನವೆಂಬರ್ 9ರಿಂದ ಜಾರಿಯಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ಇದು ಗೊತ್ತಿಲ್ಲದೆ ಒಡವೆ ಅಡವಿಡುವವರು ಇನ್ನೂ ಇದ್ದಾರೆಂಬುದು ನಮ್ಮೆಲ್ಲರ ಸೋಲು.

ಬಾಕಿಯ ಪಟ್ಟಿಯನ್ನೂ ಮುಚ್ಚಿಡಬಾರದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ವಾಯಿದೆ ಎಂದರೆ ಕಕ್ಷಿದಾರನಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಸಾಕ್ಷಿಗೆ ಕೊಡಿಸುವ ಊಟ. 2018ರಲ್ಲಿ ಅಜ್ಜಂಪುರ ತಾಲ್ಲೂಕಾಗುವ ಮುಂಚೆ ಅಲ್ಲಿನವರು ದಶಕಗಳ ಕಾಲ ಹೀಗೆ ತರೀಕೆರೆಗೆ ಅಲೆದಿದ್ದಾರೆ. ಅನಗತ್ಯವಾಗಿ ಕೇಳಿದ ಒಂದೊಂದು ವಾಯಿದೆಯೂ ಬಡವನ ಜೇಬಿನಿಂದಲೇ ಹೋಗುತ್ತದೆ. ಇನ್ನು, ಮೊದಲ ವರ್ಷಗಳಲ್ಲಿ ಕೈಗೆ ನಾಲ್ಕು ಕಾಸು ಸಿಗದ ಜೂನಿಯರುಗಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಅವರು ಹೋದರೆ ನಾಳೆ ಈ ಜಗಲಿಯಲ್ಲಿ ಕಲ್ಲುಬೆಂಚು ಖಾಲಿ ಉಳಿಯುತ್ತದೆ. ಸೀನಿಯರುಗಳು ಅವರಿಗೆ ಕೇಸು ಹಂಚಬೇಕು, ಪಾಟೀಸವಾಲು ಮಾಡಲು ಬಿಡಬೇಕು, ಸಂಭಾವನೆ ಕೊಡಬೇಕು.

ಹೊಸದಾಗಿ ಕರಿಕೋಟು ತೊಟ್ಟವರಲ್ಲಿ ನಮ್ಮದೊಂದೇ ಕೋರಿಕೆ. ವಕಾಲತ್ತಿಗೆ ಸಹಿ ಹಾಕಿಸಿಕೊಂಡ ಮೇಲೆ ಕಕ್ಷಿದಾರನ ಮಾತನ್ನು ಒಮ್ಮೆ ಪೂರ್ತಿ ಕೇಳಿ. ಆಗುವುದಾದರೆ ಅವನ ಹೊಲದ ಬದುವಿನ ಮೇಲೆ ನಿಂತು ಕೇಳಿ. ಫೀಸು ಕೊಟ್ಟವನ ಕೇಸಿಗೂ ಉಚಿತ ನೆರವಿನ ಕೇಸಿಗೂ ಒಂದೇ ತಯಾರಿ ಇರಲಿ. ಇಲ್ಲಿ ಬರೆಸಿದ ಸಾಕ್ಷ್ಯದ ಹಾಳೆ ನಾಳೆ ಬೆಂಗಳೂರಿಗೂ ಹೋದೀತು, ದೆಹಲಿಗೂ ಹೋದೀತು. ಅಲ್ಲಿ ಅಜ್ಜಿ ಇರುವುದಿಲ್ಲ. ಆಕೆಯ ಹಳ್ಳ, ಬಾವಿ, ಹಲಸಿನ ಮರ ಆ ಹಾಳೆಯಲ್ಲಿ ಇರಬೇಕು.